ಆನೆಲದ್ದಿಯ ಬೂಷ್ಟು

ಆನೆಯ ಲದ್ದಿಯ ಮೇಲೆ ಬೆಳೆಯುವ ಸೂಕ್ಷ್ಮ ಬೂಷ್ಟುಗಳನ್ನು ಗುರುತಿಸುವುದು ನಾಗವೇಣಿಯ ಸಂಶೋಧನೆ. ಊರಿಗೆ ಹೋದವಳು ನಾಲ್ಕು ದಿನ ತಡವಾಗಿ ಬಂದಾಗ ಗಾಜಿನ ತಟ್ಟೆಯಲ್ಲಿದ್ದ ಲದ್ದಿ ಒಣಗಿ, ಬೂಷ್ಟೆಲ್ಲ ಸತ್ತುಹೋಗಿತ್ತು. ಬೈಗುಳಕ್ಕೆ ಹೆದರಿ, ತನ್ನ ಮಾರ್ಗದರ್ಶಕರಾದ ಪ್ರೊಫೆಸರರು ಮೂವತ್ತು ವರ್ಷದ ಹಿಂದೆ ಬರೆದ ಪುಸ್ತಕದಲ್ಲಿದ್ದ ಒಂದು ಬೂಷ್ಟಿನ ಚಿತ್ರವನ್ನೇ ನೋಡಿ ಬರೆದು, ತಾನು ಕಂಡದ್ದೆಂದು ಅವರಿಗೆ ಒಪ್ಪಿಸಿದಳು.

ಪ್ರೊಫೆಸರರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಇದನ್ನ ನೀನು ಕಣ್ಣಾರೆ ಕಂಡ್ಯಾ?”

“ಹೂಂ ಸರ್.”

“ಮೂವತ್ತು ವರ್ಷದಿಂದ ಇದು ಇನ್ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ,” ಎನ್ನುತ್ತ ಅವರು ಕಣ್ಣೊರೆಸಿಕೊಂಡರು.

ಆಮೇಲೆ ನಾಗವೇಣಿ ಎರಡು ದಿನ ಅವರ ಕಣ್ಣಿಗೆ ಬೀಳದಂತೆ ಓಡಾಡಿದಳು. ಮೂರನೆಯ ದಿನ ಅವರ ಕೋಣೆಗೆ ಹೋಗಿ ಅತ್ತೇಬಿಟ್ಟಳು.

“ತಪ್ಪಾಯ್ತು ಸರ್. ನಾನು ಏನೂ ನೋಡ್ಲಿಲ್ಲ. ನಿಮ್ಮ ಪುಸ್ತಕದ ಚಿತ್ರಾನೇ ನೋಡ್ಕೊಂಡು ಬರೆದೆ.”

ಬೈಗುಳ ಬರಲಿಲ್ಲ. ಪ್ರೊಫೆಸರರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಅದು ನಾನು ಕಲ್ಪಿಸಿ ಬರೆದ ಚಿತ್ರ ಕಣಮ್ಮ,” ಎಂದರು. “ನೀನು ಕಂಡೆ ಅಂದಾಗ, ಅಂಥಾದ್ದೊಂದು ನಿಜವಾಗ್ಲೂ ಇದೆಯಲ್ಲ ಅಂತ ಎಷ್ಟು ಹಗುರಾಯ್ತು ಗೊತ್ತಾ?”