ಬೀರುವಿನಲ್ಲಿದ್ದ ಕೊನೆಯ ಪುಟಗಳು

ಮಕ್ಕಳ ಗ್ರಂಥಾಲಯ ನಡೆಸುತ್ತಿದ್ದ ತಾತ ಅಲ್ಲಿನ ಒಂಬತ್ತು ಸಾವಿರ ಪುಸ್ತಕಗಳ ಕೊನೆಯ ಪುಟಗಳನ್ನು ಒಂದೇ ಬೆಳಗ್ಗೆ, ಒಂದೇ ಕತ್ತರಿಯಲ್ಲಿ, ಲೋಟದ ಕಾಫಿ ಆರುವುದರೊಳಗೆ ಕತ್ತರಿಸಿ ಮುಗಿಸಿದ್ದರು. ಕತ್ತರಿ ಕಾದು ಕೆಂಪಾಗಿ, ಅದರ ಝಳಕ್ಕೆ ಕಿಟಕಿಯ ಪರದೆ ಹೊಗೆಯಾಡಿತ್ತು. ಹೇಳಿದವರು ತಾತನೇ ಆದ್ದರಿಂದ ಸುಳ್ಳಿರಲಾರದು. ಪುಸ್ತಕಗಳನ್ನು ಎಣಿಸಿದವರು ಇನ್ನೂರು ಎನ್ನುತ್ತಿದ್ದರು. ಎಣಿಸುವವರಿಗೆ ಕಲ್ಪನೆ ಕಡಿಮೆ.

ಕತ್ತರಿಸಿದ್ದು ಮಕ್ಕಳ ಒಳ್ಳೆಯದಕ್ಕೇ. ಕಥೆ ಓದುತ್ತ ಓದುತ್ತ ಹೋದರೆ, ಉಸಿರು ಬಿಗಿಹಿಡಿಯುವ ಜಾಗದಲ್ಲಿ ಪುಸ್ತಕವೇ ಮುಗಿದುಹೋಗುತ್ತಿತ್ತು. ಮುಂದಿನದನ್ನು ಓದಿದವರೇ ಬರೆಯಬೇಕು. ಲೇಖಕರ ಅಸಲಿ ಕೊನೆ ತಾತನ ಬೆನ್ನ ಹಿಂದಿನ ಕಬ್ಬಿಣದ ಬೀರುವಿನಲ್ಲಿ ಭದ್ರ. ಕೀಲಿಕೈ ತಾತನ ಕೊರಳಲ್ಲಿ.

ಭಾನುವಾರ ದೊಡ್ಡ ಮಕ್ಕಳು ಬಂದು ಬರೆಯುತ್ತಿದ್ದರು. ಶನಿವಾರ ಚಿಕ್ಕವರ ಸರದಿ. ಅವರು ಚಾಪೆಯ ಮೇಲೆ ಕೂರುತ್ತಿದ್ದರು, ತಾತ ಬೀರು ತೆರೆದು, ಬಾಗಿಲ ಮರೆಯಲ್ಲಿ ನಿಂತು ಅಸಲಿ ಕೊನೆಯನ್ನು ಓದುತ್ತಿದ್ದರು. ಚಿಕ್ಕವರು ಅತ್ತು, ನಕ್ಕು, ಲೇಖಕರಿಗೆ ಪತ್ರ ಬರೆದು ತಾತನ ಕೈಗೆ ಕೊಡುತ್ತಿದ್ದರು. ಕೇಳಿದ್ದನ್ನು ದೊಡ್ಡವರ ಮುಂದೆ ಬಾಯಿಬಿಟ್ಟರೆ ಕಾರ್ಡು ರದ್ದು. "ಅವರಿಗೆ ಗೊತ್ತಾದ್ರೆ ನಕಲು ಹೊಡೀತಾರೆ," ಎನ್ನುತ್ತಿದ್ದರು ತಾತ.

ಭಾನುವಾರದವರಲ್ಲಿ ಮೂರು ವರ್ಷದಿಂದ ಬಿಡದೆ ಬಂದವಳು ಒಬ್ಬಳೇ. ಹದಿನಾಲ್ಕರ ಹುಡುಗಿ, ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದುದರಿಂದ ಎಲ್ಲರಿಗೂ ಪೆನ್ಸಿಲಕ್ಕ. ಅವಳು ಬರೆದ ಹಾಳೆಗಳನ್ನು ಪೇರಿಸಿದ್ದರೆ ಸೂರು ಮುಟ್ಟುತ್ತಿತ್ತು. ಪೇರಿಸಲು ಅವು ಅವಳ ಬಳಿ ಇರಲಿಲ್ಲ, ಅಷ್ಟೇ. ತಾತ ಕನ್ನಡಕ ಏರಿಸಿ ಪ್ರತಿ ಹಾಳೆಯನ್ನೂ ಎರಡೆರಡು ಸಲ ಓದುತ್ತಿದ್ದರು. "ಸಪ್ಪೆ, ಮರಿ. ಲೇಖಕರದ್ದೆಲ್ಲಿ, ನಿನ್ನದೆಲ್ಲಿ!" ಎಂದು ಮೇಜಿನ ಖಾನೆಗೆ ತಳ್ಳುತ್ತಿದ್ದರು. ಸಪ್ಪೆಯದನ್ನು ಮನೆಗೆ ಒಯ್ದರೆ ಕೈ ಕೆಡುತ್ತದಂತೆ.

ಆ ಶನಿವಾರ ಅವಳು ಬರಬಾರದಿತ್ತು. ಬಂದಳು, ಜೊತೆಗೆ ಅಮ್ಮ. ದೊಡ್ಡ ಊರಿನ ಬರವಣಿಗೆ ಶಾಲೆಯವರು ಈ ಗ್ರಂಥಾಲಯದಿಂದ ಒಂದೇ ಒಂದು ಮಗುವನ್ನು ತೆಗೆದುಕೊಳ್ಳುತ್ತಿದ್ದರು. ಅರ್ಜಿಗೆ ತಾತನ ಒಂದು ಸಾಲಿನ ಶಿಫಾರಸು ಬೇಕಿತ್ತು. ಸಂಜೆ ಐದಕ್ಕೆ ಎದುರು ಬೀದಿಯ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವುದು ನಿಲ್ಲುತ್ತಿತ್ತು. ಆಗ ನಾಲ್ಕೂಕಾಲು.

"ಕಳೆದ ಭಾನುವಾರ ಯಾಕೆ ಬರಲಿಲ್ಲ?" ತಾತ ಮೊದಲು ಕೇಳಿದ್ದು ಅದನ್ನೇ.

"ಈ ಅರ್ಜಿ ತುಂಬಿಸ್ತಾ ಇದ್ದೆ ತಾತಾ."

"ಒಂದು ಸಾಲು ಬರೆದುಕೊಡಿ ಸಾರ್," ಎಂದಳು ಅಮ್ಮ. "ಇವಳು ಚೆನ್ನಾಗಿ ಬರೀತಾಳೆ ಅಂತ."

"ಬರೀತಾಳೆ. ದಿನಸಿ ಚೀಟಿನೂ ಜನ ಬರೀತಾರಮ್ಮ."

ಚಾಪೆಯ ಮೇಲಿನವರು ಕಿಸಕ್ಕೆಂದರು. ಹುಡುಗಿಯ ಕಿವಿ ಕೆಂಪಾಯಿತು.

"ಮೂರು ವರ್ಷದಲ್ಲಿ ಒಂದೂ ಚೆನ್ನಾಗಿರಲಿಲ್ವಾ ಸಾರ್?"

"ಒಂದೂ ಇಲ್ಲ. ಇನ್ನೊಂದು ನಾಲ್ಕೈದು ವರ್ಷ ನನ್ನ ಕೈಕೆಳಗೇ ಪಳಗಲಿ. ಆಮೇಲೆ ನೋಡೋಣ."

ಹುಡುಗಿ ಮುಂದೆ ಬಂದಳು. "ಹಾಗಾದ್ರೆ ಒಂದೇ ಒಂದು ಅಸಲಿ ಕೊನೆ ಓದಿ ತಾತಾ. ಇವತ್ತು ಇವರಿಗೆ ಓದೋದನ್ನೇ ನಾನೂ ಕೇಳ್ತೀನಿ. ನಂದು ಅಷ್ಟು ಸಪ್ಪೆ ಅಂತ ನಂಗೇ ಅನ್ನಿಸಿದ್ರೆ ಈ ಅರ್ಜಿ ಇಲ್ಲೇ ಹರಿದು ಹಾಕ್ತೀನಿ."

"ಓದಿ ತಾತಾ, ಓದಿ!" ಚಾಪೆ ಎದ್ದು ಕುಣಿಯಿತು.

ತಾತ ಕೆಮ್ಮಿದರು. ನಾಲ್ಕೂವರೆಗೆ ಗಂಟಲು ಕಟ್ಟಿತ್ತು. ನಾಲ್ಕೂಮುಕ್ಕಾಲಿಗೆ ಕನ್ನಡಕ ಕಳೆದುಹೋಗಿತ್ತು. ಹಣೆಯ ಮೇಲೆ ಸಿಕ್ಕಿತು. ಆಮೇಲೆ ಒಂದು ಕೆರೆಯಷ್ಟು ನೀರು ಕುಡಿದರು.

"ನಂಗೆ ಕೊಡಿ, ನಾನೇ ಓದ್ತೀನಿ," ಎಂದಳು ಮುಂದಿನ ಹಲ್ಲು ಬಿದ್ದ ಪುಟ್ಟಿ.

"ನಿಂಗೆ ಆ ಕೈಬರಹ ತಿಳಿಯಲ್ಲ."

"ಪುಸ್ತಕದ ಹಾಳೆ ಅಚ್ಚಾಗಿರಲ್ವಾ ತಾತಾ?"

ತಾತ ಮತ್ತೆ ನೀರಿನ ಲೋಟಕ್ಕೆ ಕೈಚಾಚಿದರು. ಗೋಡೆಯ ಗಡಿಯಾರ ಐದು ಹೊಡೆಯಿತು. ಎದುರು ಬೀದಿಯಲ್ಲಿ ಕಚೇರಿಯ ಷಟರು ಕರಕರ ಸದ್ದು ಮಾಡುತ್ತ ಇಳಿಯಿತು.

ಹುಡುಗಿ ಅರ್ಜಿಯನ್ನು ಎರಡು ಮಾಡಿದಳು, ನಾಲ್ಕು ಮಾಡಿದಳು. ಅಳಲಿಲ್ಲ. "ನನ್ನೆದುರು ಓದೋಕೂ ನಿಮಗೆ ಮನಸ್ಸಿಲ್ಲ ಅಂದ್ರೆ, ನಂದು ಎಷ್ಟು ಸಪ್ಪೆ ಅಂತ ಅರ್ಥ ಆಯ್ತು ತಾತಾ. ಇನ್ನು ಬರೆಯಲ್ಲ. ಭಾನುವಾರ ಬರೋದೂ ಇಲ್ಲ." ಕಾರ್ಡನ್ನು ಮೇಜಿನ ಮೇಲಿಟ್ಟಳು.

"ಬರೋದಿಲ್ವಾ?" ತಾತನ ದನಿ ಸೀಳಿತು. ಎದ್ದು ಅವಳ ಕೈ ಹಿಡಿಯಲು ಬಾಗಿದಾಗ ಕೊರಳಿನ ಕೀಲಿಕೈ ತೂಗಾಡಿತು. ಪುಟ್ಟಿ ಅದಕ್ಕೇ ಕಾದಿದ್ದವಳಂತೆ ದಾರ ಎಳೆದು ತೆಗೆದುಕೊಂಡು ಬೀರು ತೆರೆದೇಬಿಟ್ಟಳು.

ಒಳಗೆ ಒಂದು ಹಳೆಯ ಕೊಡೆಯಿತ್ತು. ಮಿಕ್ಕಿದ್ದೆಲ್ಲ ಖಾಲಿ.

"ಅಸಲಿ ಕೊನೆಗಳೆಲ್ಲಿ ತಾತಾ?"

ತಾತ ಕುರ್ಚಿಯಲ್ಲಿ ಕುಸಿದರು. ಇಪ್ಪತ್ತು ಜೊತೆ ಕಣ್ಣುಗಳು ಅವರ ಮೇಲಿದ್ದವು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಮುದುಕರು ಮಾತ್ರ ನೆಲದ ಮೇಲಿನ ಕಾಗದದ ಚೂರುಗಳನ್ನೇ ನೋಡುತ್ತ, ಜೀವನದಲ್ಲಿ ಮೊದಲ ಸಲ, ಏನನ್ನೂ ಸೇರಿಸದೆ ಹೇಳಿದರು:

"ಕೊನೆ ಹಾಳೆನೇ ಇಲ್ಲದ, ಅಚ್ಚುಮನೆಯ ರದ್ದಿ ಪುಸ್ತಕ ಕಣ್ರೋ ಇವೆಲ್ಲ, ಮೂರು ವರ್ಷದಿಂದ ಲೇಖಕರದ್ದು ಅಂತ ನಾನು ನಿಮಗೆ ಓದಿದ್ದೆಲ್ಲ ಇವಳು ಬರೆದದ್ದೇ, ಇವಳು ಹೊರಟುಹೋದ್ರೆ ಓದೋಕೆ ನನ್ನ ಹತ್ರ ಏನೂ ಉಳೀತಿರಲಿಲ್ಲ."