ಹೆಸರು ಹಿಡಿದು ಕರೆದ ದನಿ

ಸೊಸೆ ಅಂಬಮ್ಮ ತಿರುಗಿ ನೋಡಿದಳು. ಮಹಾಂತಮ್ಮ ಜಾಲಿಯ ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕುಕ್ಕರುಗಾಲಲ್ಲಿ ಕುಳಿತಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹೊಸ ಬೀಗ ಹೊಟ್ಟೆಗೆ ಒತ್ತಿತು.

ಯಾರೂ ಇಲ್ಲವೆಂದುಕೊಂಡು ಅಂಬಮ್ಮ ಮತ್ತೆ ಕಾಲುದಾರಿ ಹಿಡಿದಳು. ತಾಳಿಯಿಲ್ಲದ ಕೊರಳಲ್ಲಿ ಗಂಡನ ದುರ್ಬೀನು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಒಂದು ಹಿಡಿ ನೆನೆಸಿದ ಶೇಂಗಾ. ಅವಳು ಮನೆಯಲ್ಲಿ ಒಂದು ಶೇಂಗಾ ಬಾಯಿಗೆ ಹಾಕಿದ್ದನ್ನು ಕಂಡವರಿಲ್ಲ. ಅದು ಬೇರೆ ಯಾರಿಗೋ.

ಬೆಳಿಗ್ಗೆ ಮಹಾಂತಮ್ಮ ಕೇಳಿಯೇ ಬಿಟ್ಟಿದ್ದಳು.

"ದಿನಾ ಯಾರನ್ನ ನೋಡಾಕ ಹೋಗ್ತಿಬೇ?"

"ಹಕ್ಕಿ ನೋಡಾಕ್ರಿ ಅತ್ತಿ."

"ಮನಿ ಮುಂದ ಹಕ್ಕಿ ಇಲ್ಲೇನು?"

"ಎಲ್ಲಾ ಹಕ್ಕಿ ಅಲ್ರಿ. ಒಂದ."

ಧಾರವಾಡದಲ್ಲಿ ಎಂ.ಎಸ್ಸಿ. ಓದಿದವಳು. ಮಾತು ಅಳೆದು ಆಡುವುದು ಅಲ್ಲಿ ಕಲಿತದ್ದಿರಬೇಕು.

ಮಾನ್ವಿ ಹಾದಿಯಲ್ಲಿ ಲಾರಿ ಬಡಿದು ಮಗ ವಿರೂಪಣ್ಣ ಹೋದ ಮೇಲೆ, ರಾಯಚೂರಿನ ಬಾಡಿಗೆ ಮನೆ ಖಾಲಿ ಮಾಡಿಸಿ ಇವಳನ್ನು ದೇವದುರ್ಗಕ್ಕೆ ಕರೆತಂದಿದ್ದರು. ಜೊತೆಗೆ ಬಂದದ್ದು ಒಂದು ಟ್ರಂಕು, ಈ ದುರ್ಬೀನು, ಒಂದು ಪಂಜರ. ಸಾವಿನ ಮನೆಯಲ್ಲಿ ಶೋಕಿ ಬೇಡವೆಂದು ಮಹಾಂತಮ್ಮ ಪಂಜರವನ್ನು ಅವತ್ತೇ ಖಾಲಿ ಮಾಡಿದ್ದಳು. ಈಗ ಅದರಲ್ಲಿ ಉಳ್ಳಾಗಡ್ಡಿ ಇರುತ್ತದೆ.

ವರ್ಷವಿಡೀ ಅಂಬಮ್ಮ ಹೊಸ್ತಿಲು ದಾಟಲಿಲ್ಲ. ಅಳಲೂ ಇಲ್ಲ. ಶಿವರಾತ್ರಿ ಕಳೆದು ಮುತ್ತುಗ ಹೂಬಿಟ್ಟಾಗ ಬಾಯಿಬಿಟ್ಟು ಒಂದೇ ಒಂದು ಕೇಳಿದಳು: ಬೆಳಿಗ್ಗೆ ಒಂದಿಷ್ಟು ಹೊತ್ತು ಗುಡ್ಡದ ಕಡೆ ಬಿಡ್ರಿ. ಮಹಾಂತಮ್ಮ ಬಿಟ್ಟಳು. ಬಿಟ್ಟದ್ದೇ ತಪ್ಪಾಯಿತು. ನಿನ್ನೆ ಕುರಿ ಕಾಯುವ ಬೂದೆಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತ.

"ಗಂಡಸಿನ ದನಿ ರೀ ಯವ್ವಾ. ಅಕ್ಕಾರನ್ನ ಹೆಸರು ಹಿಡಿದು ಕರಿಯಾಕತ್ತಿತ್ತು."

"ಮಾರಿ ನೋಡಿದೇನ್ಲೇ?"

"ಇಲ್ರಿ. ಹತ್ರ ಹೋಗೂದ್ರಾಗ ಅಕ್ಕಾರು ಒಬ್ರs ಇದ್ರು. ಚಾ ಬ್ಯಾರೆ ಕೇಳಾಕತ್ತಿದ್ದ."

"ಅಡವ್ಯಾಗ ಚಾ?"

"ಸಂಸಾರನ ಹೂಡ್ಯಾರೋ ಏನೋ, ನನಗೇನ್ ಗೊತ್ರಿ."

ಮಹಾಂತಮ್ಮನ ತಲೆಗೆ ಚಹಾದ ಮಾತು ಹತ್ತಲಿಲ್ಲ. ಹೆಸರಿನದು ಹತ್ತಿತು. ಈ ಮನೆಯ ಗಂಡಸರು ಹಿರಿಯರೆದುರು ಹೆಂಡತಿಯ ಹೆಸರು ಎತ್ತುವುದಿಲ್ಲ. ವಿರೂಪಣ್ಣನೂ ತಾಯಿಯ ಮುಂದೆ ಎಂದೂ ಎತ್ತಿರಲಿಲ್ಲ. ಮಗನ ಬಾಯಲ್ಲೇ ಕೇಳದ ಹೆಸರು ಇನ್ನೊಬ್ಬನ ಬಾಯಿಗೆ ಬಂದಿದ್ದರೆ, ಅದಕ್ಕೆ ಒಂದೇ ಅರ್ಥ. ಅವನು ಇವತ್ತು ಕಣ್ಣಿಗೆ ಬಿದ್ದರೆ ಸಾಕು, ಹಿಂದಿನ ಕೋಣೆ ಕಾದಿದೆ. ಕಿಟಕಿಯಿಲ್ಲದ ಕೋಣೆ. ಸೊಸೆ ಇನ್ನು ಬಿಸಿಲು ಕಾಣುವುದಿಲ್ಲ.

ಪಕ್ಕದಲ್ಲೇ ಕೌಜುಗ ಕೂಗಿತು. ನೀಲಕಂಠವೊಂದು ರೆಕ್ಕೆಯ ನೀಲಿ ತೋರಿಸಿ ಹಾರಿತು. ಅಂಬಮ್ಮನ ದುರ್ಬೀನು ಏಳಲಿಲ್ಲ.

ನೋಡಿದೆಯಾ, ಎಂದುಕೊಂಡಳು ಮಹಾಂತಮ್ಮ. ಹಕ್ಕಿ ನೋಡುವವಳ ಲಕ್ಷಣ!

ಮುತ್ತುಗದ ಮರಗಳು ಒತ್ತಾದ ಕಡೆ ಅಂಬಮ್ಮ ನಿಂತಳು. ಸೆರಗಿನ ಗಂಟು ಬಿಚ್ಚಿದಳು. ಎರಡು ಸಲ ಸಿಳ್ಳು ಹಾಕಿದಳು. ಮನೆಯಲ್ಲಿ ಗೋಡೆಯಂತಿದ್ದ ಮುಖ ಸಡಿಲವಾಯಿತು. ಮಹಾಂತಮ್ಮ ಬೀಗ ಕೈಗೆ ತೆಗೆದುಕೊಂಡು ಎದ್ದಳು.

"ಅಂಬೂ! ಚಾ ಆತೇನs?"

ಗಂಡಸಿನ ದನಿ. ಸಲಿಗೆಯ ದನಿ.

ಆ ದನಿಯನ್ನು ಮಹಾಂತಮ್ಮ ಹೆತ್ತಿದ್ದಳು. ಹೋದ ವರ್ಷ ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದಳು.

ಮುಳ್ಳು ಗೀರುವುದನ್ನೂ ಲೆಕ್ಕಿಸದೆ ಪೊದೆ ಸೀಳಿ ಮುಂದೆ ಬಂದಳು. ಅಂಬಮ್ಮ ಬೆಚ್ಚಿ ತಿರುಗಿದಳು. ಅವಳೊಬ್ಬಳೇ. ಚಾಚಿದ ಅಂಗೈಯಲ್ಲಿ ಶೇಂಗಾ.

"ಓಡಿಸಬ್ಯಾಡ್ರಿ ಅತ್ತಿ," ಎಂದಳು. "ಇನ್ನೊಂದ್ ಸಲ ಓಡಿಸಬ್ಯಾಡ್ರಿ."

ಬೀಗ ಒಣಗಿದೆಲೆಗಳ ಮೇಲೆ ಬಿತ್ತು.

ಮೇಲಿನ ಟೊಂಗೆಯಲ್ಲಿ, ಮಹಾಂತಮ್ಮ ತನ್ನ ಕೈಯಾರೆ ಪಂಜರದಿಂದ ಓಡಿಸಿದ್ದ ಗಿಳಿ ಕತ್ತು ವಾರೆ ಮಾಡಿ, ಅವಳ ಮಗನ ದನಿಯಲ್ಲಿ ಮತ್ತೆ ಚಹಾ ಕೇಳಿತು.