ಒರೆಸಿದ ನೆಲ

ಮನುಷ್ಯರ ರಕ್ತ ಬಣ್ಣ ಕಳೆದುಕೊಂಡು ಹನ್ನೆರಡು ವರ್ಷವಾಗಿತ್ತು. ಈಗ ಯಾರಿಗೆ ಗಾಯವಾದರೂ ಹರಿಯುವುದು ನೀರಿನಂಥದ್ದೇ. ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಪ್ರಥಮ ಚಿಕಿತ್ಸೆ ನೋಡಿಕೊಳ್ಳುವ ದುರ್ಗವ್ವನಿಗೆ ಅದೇ ದೊಡ್ಡ ತಲೆನೋವು. ಅಲ್ಲಿ ಗರಗಸದ ಮೇಲೆ ದಿನವಿಡೀ ತಣ್ಣೀರು ಸುರಿಯುತ್ತದೆ, ಎಲ್ಲರೂ ತೊಯ್ದೇ ಇರುತ್ತಾರೆ. ಹಾಗಾಗಿ ಪೆಟ್ಟಾದವರ ಮೈಯನ್ನೆಲ್ಲ ಮೊದಲು ಒಣಗಿಸಿ, ಆಮೇಲೆ ಎಲ್ಲಿ ಜಿನುಗುತ್ತಿದೆ, ಎಲ್ಲಿ ಹರಿಯುತ್ತಿದೆ, ಎಲ್ಲಿ ಚಿಮ್ಮುತ್ತಿದೆ ಎಂದು ನೋಡಬೇಕೆಂಬುದು ಅವಳೇ ಮಾಡಿದ ನಿಯಮ.

ಅಂದು ಮೌಲಾಸಾಬ ಅಂಗೈ ಹಿಡಿದುಕೊಂಡು ಬಂದ. "ಬರೇ ತರಚೈತಿ ಅಕ್ಕಾ, ಪಟ್ಟಿ ಹಾಕು. ನೀರಾಗ ನಿಂತು ನಿಂತು ಕಾಲು ಮರಗಟ್ಯಾವ."

ಗಾಯ ಜಿನುಗುತ್ತಿತ್ತು ಅಷ್ಟೆ. ಇಷ್ಟಕ್ಕೆ ಮೈಯೆಲ್ಲ ಯಾಕೆ ಒರೆಸುವುದೆಂದು ಪಟ್ಟಿ ಸುತ್ತಿದಳು. "ನೆಲಾ ಎಲ್ಲಾ ತೋಯಿಸಿದೆಲ್ಲೊ ತಮ್ಮಾ," ಎಂದು ಗದರಿ, ಅವನ ಕಾಲಡಿಯ ನೀರನ್ನು ಒರೆಸಿ ಖಾಲಿ ಬಕೆಟ್ಟಿಗೆ ಹಿಂಡಿದಳು. ನೆಲ ಮತ್ತೆ ಒದ್ದೆಯಾಯಿತು. ಮತ್ತೆ ಒರೆಸಿದಳು.

ಎಷ್ಟನೆಯ ಸಲವೋ, ಹಿಂಡುವಾಗ ಕೈಗೆ ಬಿಸಿ ತಾಗಿತು.

ಪ್ಯಾಂಟು ಹರಿದು ನೋಡಿದರೆ ಮೀನಖಂಡದ ಹಿಂದೆ ಉದ್ದಕ್ಕೆ ಕೊಯ್ದುಹೋಗಿತ್ತು. ಒಂದೇ ಸಮ ಹರಿಯುತ್ತಿತ್ತು. ಕಾಲೆತ್ತಿ, ಬಟ್ಟೆಯಿಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದಳು. ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಆಂಬುಲೆನ್ಸಿನ ಡಾಕ್ಟರಮ್ಮ ಕೇಳಿದರು, "ಎಷ್ಟು ಹೋಗಿದೆ?"

ದುರ್ಗವ್ವ ಬಕೆಟ್ಟಿನ ಕಡೆ ಕಣ್ಣು ಮಾಡಿದಳು. "ಇದರಾಗ ಮಶೀನಿನ ನೀರೂ ಐತ್ರಿ," ಎಂದು ಬೇಡಿಕೊಳ್ಳುವವಳಂತೆ ಹೇಳಿದಳು.

ಡಾಕ್ಟರಮ್ಮ ಬಕೆಟ್ಟಿನಲ್ಲಿ ಬೆರಳು ಅದ್ದಿದರು. ಇನ್ನೂ ಬೆಚ್ಚಗಿತ್ತು.